ಬಿಲ್ಲೆಗೆ ತಕ್ಕ ಪೆಟ್ಟಿಗೆ

ನನ್ನ ಅತ್ತಿಗೆ, ಅಂದರೆ ನನ್ನ ಹೆಂಡತಿಯ ಅಕ್ಕ, ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಒಂದು ಚಪ್ಪಾಳೆ ತಟ್ಟುತ್ತಾರೆ. ಮೆಚ್ಚುಗೆಗೂ ಅದಕ್ಕೂ ಸಂಬಂಧವಿಲ್ಲ, ಯಾರನ್ನಾದರೂ ಕರೆಯುವುದಕ್ಕೂ ಅಲ್ಲ. ಎರಡು ಅಂಗೈಗಳನ್ನು ಎದೆಯ ಮಟ್ಟಕ್ಕೆ ತಂದು, ಒಣಕಡ್ಡಿ ಮುರಿದ ಹಾಗೆ ಚಟ್ಟನೆ ಒಂದು ಸದ್ದು ಹೊರಡಿಸಿ, ಆ ಸದ್ದು ಗೋಡೆಗಳಿಗೆ ಮುಟ್ಟಿ, ಸೂರಿಗೇರಿ, ಮೂಲೆಮೂಲೆಗಳಲ್ಲಿ ತಡಕಾಡಿ, ಕೊನೆಗೆ ಎಲ್ಲೋ ದಣಿದು ಮಲಗುವವರೆಗೂ ತಲೆಯನ್ನು ತುಸು ಎಡಕ್ಕೆ ವಾಲಿಸಿಕೊಂಡು ನಿಲ್ಲುತ್ತಾರೆ. ಅವರಿಗೆ ಮನುಷ್ಯರು ಕಾಣಿಸುವುದು ಆಮೇಲೆಯೇ. ಬ್ಯಾಂಕಿನಲ್ಲಿ ಹೀಗೆ ಮಾಡಿದಾಗ ಕಾವಲುಗಾರ ಓಡಿಬಂದದ್ದುಂಟು. ನನ್ನ ಮಗಳು ಹುಟ್ಟಿದಾಗ ಹೆರಿಗೆ ವಾರ್ಡಿನಲ್ಲಿ ತಟ್ಟಿ ನರ್ಸಿನಿಂದ ಬೈಸಿಕೊಂಡದ್ದುಂಟು. ಒಮ್ಮೆಯಂತೂ ಸಾವಿನ ಮನೆಯಲ್ಲಿ, ನೆಂಟರಿಷ್ಟರೆಲ್ಲ ಮುಖ ತಗ್ಗಿಸಿ ಕುಳಿತಿದ್ದ ಹೊತ್ತಿನಲ್ಲಿ, ಬಾಗಿಲು ದಾಟಿದವರೇ ತಟ್ಟಿಬಿಟ್ಟರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅತ್ತಿಗೆ ಮಾತ್ರ ನಿಧಾನವಾಗಿ ಹೋಗಿ ಗಂಡನನ್ನು ಕಳೆದುಕೊಂಡ ಆ ಹೆಂಗಸಿನ ಪಕ್ಕದಲ್ಲಿ ಕುಳಿತು, "ಈ ಕೋಣೇಲಿ ಸದ್ದು ತುಂಬ ಹೊತ್ತು ನಿಲ್ಲುತ್ತೆ ಕಣಮ್ಮಾ, ಒಬ್ಬಳೇ ಇದ್ದಾಗ ಇಲ್ಲಿ ಕೂತ್ಕೋಬೇಡ, ಒಳಗಡೆ ಕೋಣೇಲಿ ಕೂತ್ಕೋ," ಎಂದರು. ಬಂದವರು ಆಡಿದ ಮಾತುಗಳಲ್ಲಿ ತನ್ನ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಆಕೆ ಬಹಳ ದಿನಗಳ ಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ.

ನೋಡುವುದಕ್ಕೆ ಅತ್ತಿಗೆ ಗಿಡ್ಡ, ದುಂಡಗೆ. ನಡಿಗೆ ಮಾತ್ರ ಬೆಕ್ಕಿನದು. ಮೆತ್ತನೆಯ ಬಟ್ಟೆಯ ಚಪ್ಪಲಿ ಬಿಟ್ಟು ಬೇರೆ ಮೆಟ್ಟಿದವರಲ್ಲ. ತನ್ನ ಹೆಜ್ಜೆಯ ಸದ್ದು ಬೇರೆ ಸದ್ದುಗಳಿಗೆ ಅಡ್ಡ ಬರಬಾರದು ಎಂಬುದು ಅವರ ಶಿಷ್ಟಾಚಾರ. ಬೇಸಿಗೆಯಲ್ಲೂ ಮೈಮೇಲೊಂದು ಬೂದುಬಣ್ಣದ ಕೋಟು. ಅದರ ಜೇಬುಗಳಲ್ಲಿ ಹತ್ತಿಯ ಉಂಡೆ, ಉಣ್ಣೆಯ ಚೂರು, ರಟ್ಟಿನ ತುಂಡು, ತಂತಿಯ ಸುರುಳಿ, ಅರ್ಧ ತಿಂದ ಬಿಸ್ಕತ್ತು. ಕೋಟು ಒಗೆಯಲು ತೆಗೆದುಕೊಂಡ ದಿನ ಮನೆಯವರು ಅದನ್ನು ಹಬ್ಬದಂತೆ ಆಚರಿಸುತ್ತಾರೆ. ಮಾತು ಕಡಿಮೆ, ಆದರೆ ಅಳುಕಿಲ್ಲ. ವಿನಯವೆಂಬುದು ಅವರ ಜೇಬಿನಲ್ಲಿ ಎಂದೂ ಸಿಕ್ಕ ವಸ್ತುವಲ್ಲ. ಜಗತ್ತೆಲ್ಲ "ನೋಡೋಣ" ಎನ್ನುವ ಕಡೆ ಅವರು "ಕೇಳೋಣ" ಎನ್ನುತ್ತಾರೆ. ಮಗಳಿಗೆ ಗಂಡು ಗೊತ್ತಾಗಿದೆ ಎಂದರೂ "ಕೇಳೋಣ", ಮನೆಗೆ ಬಣ್ಣ ಹೊಡೆಸೋಣವೇ ಎಂದರೂ "ಕೇಳೋಣ".

ಇಂಥ ಕಿವಿಯ ಹೆಂಗಸಿಗೆ ದೈವ ಜೋಡಿಸಿಕೊಟ್ಟ ಗಂಡ, ಅಂದರೆ ನನ್ನ ಷಡ್ಡಕರು, ಶಾಲೆಯೊಂದರ ಚಿತ್ರಕಲೆಯ ಮೇಷ್ಟ್ರು. ಎಡಗಿವಿ ಬಾಲ್ಯದಿಂದಲೇ ಮಂದ. "ನಮ್ಮ ಮನೇಲಿ ಇರೋದು ಮೂರು ಕಿವಿ. ಎರಡು ಅವಳವು, ಒಂದು ನಂದು. ಜಗಳ ಬಂದಾಗ ನನ್ನದೊಂದನ್ನೂ ಗೋಡೆ ಕಡೆ ತಿರುಗಿಸಿ ಮಲಗಿಬಿಡ್ತೀನಿ," ಎಂದು ಅವರು ನಗುತ್ತಾರೆ.

ಅತ್ತಿಗೆ ಓದಿದ್ದು ಭೌತಶಾಸ್ತ್ರ. ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಿದ್ದರು. ಆ ಕಾಲೇಜಿನ ಸಭಾಂಗಣಕ್ಕೆಂದು ಊರಿನ ಹೆಸರಾಂತ ಕಾರ್ಖಾನೆಯಿಂದ ಸ್ಪೀಕರುಗಳನ್ನು ತರಿಸಿದರು. ಬಲಿತ ಮರದಲ್ಲಿ ಕಡೆದು, ಕನ್ನಡಿಯಂತೆ ಹೊಳಪು ಕೊಟ್ಟು, ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಹಿತ್ತಾಳೆಯ ಬಿಲ್ಲೆ ಕೂರಿಸಿದ ಪೆಟ್ಟಿಗೆಗಳು. ಸಿರಿವಂತರ ಮನೆಯಲ್ಲಿ ದೇವರ ಪೀಠದಂತೆ ನಿಲ್ಲುತ್ತಿದ್ದವು. ಅತ್ತಿಗೆ ಒಂದು ವಾರ ಕೇಳಿದರು. ಆಮೇಲೆ ಅವುಗಳಲ್ಲೊಂದನ್ನು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಕಾರ್ಖಾನೆಯ ಬಾಗಿಲಿಗೇ ಹೋಗಿ, "ನಿಮ್ಮ ಪೆಟ್ಟಿಗೆ ಸುಳ್ಳು ಹೇಳುತ್ತೆ," ಎಂದರು. ಕಾರ್ಖಾನೆ ಕಟ್ಟಿದ ಯಜಮಾನರು ಬಿಳಿಯ ಹುಬ್ಬುಗಳ ಮುದುಕ. ಸಿಟ್ಟಾಗುವ ಬದಲು ಕುರ್ಚಿ ಎಳೆದು ಕೊಟ್ಟು, "ಎಲ್ಲಿ ಹೇಳುತ್ತೆ ತೋರಿಸಿ," ಎಂದರು. ಅತ್ತಿಗೆ ತೋರಿಸಿದರು. ಗಂಡಸಿನ ದನಿ ಒಂದು ಸ್ಥಾಯಿಗಿಂತ ಕೆಳಗಿಳಿದ ಕೂಡಲೇ ಪೆಟ್ಟಿಗೆಯ ಹಿಂಬದಿಯ ಹಲಗೆ ತಾನೂ ಗುಣುಗುಣು ಎಂದು ಸೇರಿಕೊಳ್ಳುತ್ತಿತ್ತು. ಯಜಮಾನರು ಆ ಹಲಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತರಂತೆ. ಮುಂದಿನ ತಿಂಗಳಿಂದ ಅತ್ತಿಗೆ ಅಲ್ಲಿಯೇ. ನನ್ನನ್ನೂ ಆ ಕಾರ್ಖಾನೆಯ ಕೈಪಿಡಿ, ಜಾಹೀರಾತು ಬರೆಯುವ ಕೆಲಸಕ್ಕೆ ಎಳೆದುಕೊಂಡದ್ದು ಅವರೇ. ಹಾಗಾಗಿ ಮುಂದೆ ನಡೆದದ್ದರಲ್ಲಿ ಹೆಚ್ಚಿನದಕ್ಕೆ ನಾನು ಕಣ್ಣಾರೆ ಸಾಕ್ಷಿ, ಅತ್ತಿಗೆಯ ಭಾಷೆಯಲ್ಲಿ ಕಿವಿಯಾರೆ.

ಹೊಸ ಸ್ಪೀಕರು ಸಿದ್ಧವಾದಾಗ ಅದನ್ನು ಪರೀಕ್ಷಿಸಲು ಅತ್ತಿಗೆ ಸಂಗೀತ ಹಾಕುತ್ತಿರಲಿಲ್ಲ. ಅವರ ಬಳಿ ಒಂದು ಧ್ವನಿಮುದ್ರಿಕೆ ಇತ್ತು. ಅಕ್ಕತಂಗಿಯರಿಬ್ಬರನ್ನೂ ಸಾಕಿ ಬೆಳೆಸಿದ ಸೋದರತ್ತೆ ಸಿಡಿಲಿನಂಥ ಹೆಂಗಸು. ಆಕೆಯ ಬೈಗುಳವನ್ನು ನನ್ನ ಹೆಂಡತಿ ಚಿಕ್ಕಂದಿನಲ್ಲಿ ಯಾರದೋ ಟೇಪ್ ರೆಕಾರ್ಡರಿನಲ್ಲಿ ಕದ್ದು ಹಿಡಿದಿಟ್ಟಿದ್ದಳು. "ನಲ್ಲಿ ಬಿಟ್ಟು ಯಾವ ಸಾಮ್ರಾಜ್ಯ ಆಳೋದಕ್ಕೆ ಹೋಗಿದ್ಯೇ? ಆ ಪಾಟಿ ನೀರು ಸುರೀತಿದೆ, ಕಿವಿಗೆ ಹತ್ತಿ ತುರುಕ್ಕೊಂಡಿದ್ಯಾ?" ಹೀಗೆ ಶುರುವಾಗಿ ವಂಶದ ಹಿಂದು ಮುಂದನ್ನೆಲ್ಲ ಜಾಲಾಡಿ ಮುಗಿಯುವ ಬೈಗುಳ. ಅತ್ತಿಗೆಯ ಸಿದ್ಧಾಂತ ಸರಳ: ಹಾಡು ಎಂಥ ಪೆಟ್ಟಿಗೆಯಲ್ಲೂ ಸ್ವಲ್ಪ ಚೆಂದವಾಗಿಯೇ ಕೇಳೀತು, ಜನ ಮೋಸಹೋಗುತ್ತಾರೆ, ಆದರೆ ಬೈಗುಳ ಕೇಳಿ ಬೆನ್ನು ತಾನಾಗಿ ನೆಟ್ಟಗಾಗಬೇಕಾದರೆ ಪೆಟ್ಟಿಗೆಯಲ್ಲಿ ಸತ್ಯವಿರಬೇಕು. ಬೆನ್ನು ನೆಟ್ಟಗಾಯಿತೋ, ಬಿಲ್ಲೆ ಹಚ್ಚಿ. ಇಲ್ಲವೋ, ಬಿಚ್ಚಿ.

ಯಜಮಾನರು ತೀರಿಕೊಂಡರು. ಮಕ್ಕಳಿಗೆ ಅಪ್ಪನ ಹುಬ್ಬು ಬಂದಿತ್ತು, ಹುಚ್ಚು ಬಂದಿರಲಿಲ್ಲ. ಕಾರ್ಖಾನೆಯನ್ನು ಮಾರಿಬಿಟ್ಟರು. ಕೊಂಡವರು ಯಾರೆಂದು ತಿಳಿದಾಗ ನಮಗೆಲ್ಲ ದಿಗಿಲಾಯಿತು. ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ಫ್ಯಾನು, ಮಿಕ್ಸಿ, ನೀರು ಕಾಯಿಸುವ ಕಂಬಿ, ಕಿವಿಗೆ ಸಿಕ್ಕಿಸುವ ಅಗ್ಗದ ಇಯರ್‌ಫೋನಿನವರೆಗೆ ಲಕ್ಷಗಟ್ಟಲೆ ಮಾಡಿ ಬೀದಿಬೀದಿಗೆ ಸುರಿಯುವ ದೈತ್ಯ ಕಂಪನಿ ಅದು. ನಮಗಿಂತ ಮೊದಲೇ ನಮ್ಮಂಥದೇ ಇನ್ನೊಂದು ಮನೆತನದ ಸ್ಪೀಕರ್ ಕಾರ್ಖಾನೆಯನ್ನು ಕೊಂಡಿತ್ತು. ಅದರ ಗತಿ ಏನಾಯಿತೆಂದು ಎಲ್ಲರೂ ಬಲ್ಲರು: ಆ ಹಳೆಯ ಹೆಸರನ್ನು ಕಿತ್ತು ಆಟಿಕೆಯಂಥ ಡಬ್ಬಿಗಳ ಮೇಲೆ ಅಂಟಿಸಿದರು, ಜನ ಹೆಸರು ನೋಡಿ ಕೊಂಡು ಮನೆಗೆ ಹೋಗಿ ಹಣೆ ಚಚ್ಚಿಕೊಂಡರು, ಎರಡೇ ವರ್ಷದಲ್ಲಿ ಹೆಸರೂ ಹೋಯಿತು, ಕಾರ್ಖಾನೆ ಉಗ್ರಾಣವಾಯಿತು, ಕೈಕೆಲಸದವರು ದಿಕ್ಕಾಪಾಲಾದರು.

ಸುದ್ದಿ ಹಬ್ಬಿದ ದಿನ ನಮ್ಮ ಹಳೆಯ ಗಿರಾಕಿಗಳಾದ ರಸಿಕರು ಒಬ್ಬೊಬ್ಬರೇ ಬಂದು, ಮರದ ಪೆಟ್ಟಿಗೆಗಳನ್ನು ಸವರಿ, ನಿಟ್ಟುಸಿರಿಟ್ಟು ಹೋಗತೊಡಗಿದರು. ಅವರಲ್ಲೊಬ್ಬ ವಕೀಲರು ಕಣ್ಣಂಚು ಒರೆಸಿಕೊಂಡು, "ಒಂದು ಯುಗ ಮುಗೀತು ಮೇಡಂ," ಎಂದರು. ಅತ್ತಿಗೆ ಕೋಟಿನಿಂದ ಅರ್ಧ ಬಿಸ್ಕತ್ತು ತೆಗೆದು ಬಾಯಿಗೆ ಹಾಕಿಕೊಂಡು, "ಯಾರು ಸತ್ತಿದ್ದು? ನಾನಂತೂ ಈಗ ತಾನೇ ಊಟ ಮಾಡಿ ಬಂದೆ," ಎಂದರು.

ಕಂಪನಿ ಕಳಿಸಿದ ಮ್ಯಾನೇಜರು ಇಸ್ತ್ರಿಪೆಟ್ಟಿಗೆ ವಿಭಾಗದಿಂದ ಬಂದವನು. ಅಂಗಿಯ ಮಡಿಕೆ ಒಂದಿಷ್ಟೂ ಮುರಿದಿರಲಿಲ್ಲವಾದ್ದರಿಂದ ನಮ್ಮ ಕಾರ್ಖಾನೆಯ ಹುಡುಗಿಯರು ಮೊದಲ ದಿನವೇ ಅವನಿಗೆ "ಇಸ್ತ್ರಿ ಸಾಹೇಬ" ಎಂದು ನಾಮಕರಣ ಮಾಡಿದರು. ಕೆಟ್ಟವನಲ್ಲ. ಮೇಲಿನವರು ಹೇಳಿದ್ದನ್ನು ನಗುನಗುತ್ತ ಮಾಡಿಮುಗಿಸುವ ಜಾತಿ. ಬಂದವನೇ ಒಂದು ಗುಂಡನೆಯ ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಮೇಡಂ, ಇದು ಆಗಲೇ ತಯಾರಾಗಿದೆ. ನಿಮ್ಮ ಹಿತ್ತಾಳೆ ಬಿಲ್ಲೆ ಇದರ ಮೇಲೆ ಕೂತರೆ ಸಾಕು, ಮನೆಮನೆಗೆ ನಿಮ್ಮ ಹೆಸರು," ಎಂದ.

"ಕೇಳೋಣ," ಎಂದರು ಅತ್ತಿಗೆ.

ಸ್ಪೀಕರುಗಳನ್ನು ಪರೀಕ್ಷಿಸುವ ನಮ್ಮ ಕೇಳುವ ಕೋಣೆಯಲ್ಲಿ ಸೋದರತ್ತೆಯನ್ನು ಹಾಕಿದರು. ಗುಂಡು ಡಬ್ಬಿಯಿಂದ ಧಂ ಧಂ ಎಂದು ಏನೋ ಹೊರಟಿತು. ಬೈಗುಳದ ಒಂದೊಂದು ಅಕ್ಷರವೂ ಊದಿಕೊಂಡು, ಒಂದರ ಮೇಲೊಂದು ಬಿದ್ದು, ಕೆಸರಿನಲ್ಲಿ ಎಮ್ಮೆ ಹೊರಳಿದಂತೆ ಕೇಳಿಸಿತು. ಯಾರ ಬೆನ್ನೂ ಅಲುಗಲಿಲ್ಲ.

"ನಮ್ಮ ಅತ್ತೆ ಹಂಡೆಯೊಳಗೆ ಬಿದ್ದ ಹಾಗಿದೆಯಲ್ಲಪ್ಪಾ," ಎಂದರು ಅತ್ತಿಗೆ. ಎಲ್ಲರೂ ನಕ್ಕರು. ಆಮೇಲೆ ಅದನ್ನೇ ನಮ್ಮ ಮರದ ಪೆಟ್ಟಿಗೆಯಲ್ಲಿ ಹಾಕಿದರು. "ಯಾವ ಸಾಮ್ರಾಜ್ಯ ಆಳೋದಕ್ಕೆ" ಎನ್ನುವಷ್ಟರಲ್ಲಿ ಇಸ್ತ್ರಿ ಸಾಹೇಬ ಕುರ್ಚಿಯಲ್ಲಿ ಸೆಟೆದು ಕುಳಿತಿದ್ದ. ನಗು ಅಡಗಿತು. ಅವನು ತನ್ನ ಡಬ್ಬಿಯನ್ನೂ ನಮ್ಮ ಪೆಟ್ಟಿಗೆಯನ್ನೂ ನೋಡಿ, ಮೆಲ್ಲಗೆ ಹೇಳಿದ:

"ಒಪ್ಪಿದೆ ಮೇಡಂ. ಆದರೆ ನಿಮ್ಮ ಪೆಟ್ಟಿಗೆ ನನ್ನಮ್ಮ ಕೊಳ್ಳೋ ಹಾಗಿಲ್ಲ. ನನ್ನ ಡಬ್ಬಿ ಕೊಳ್ಳಬಹುದು. ನನ್ನಮ್ಮನ ಕೈಗೆಟುಕೋ ಅಂಥದ್ದು ನೀವೇ ಒಂದು ಮಾಡಿಕೊಡಿ, ನೋಡೋಣ."

ಇದೊಂದು ಸವಾಲು ಎನ್ನುವುದಕ್ಕಿಂತ ಅವಮಾನ ಎಂದೇ ನಮಗೆ ತೋರಿತು. ಅತ್ತಿಗೆ ಮಾತ್ರ ಆ ಮಾತನ್ನು ಖಾಲಿ ಕೋಣೆಯಲ್ಲಿ ತಟ್ಟಿದ ಚಪ್ಪಾಳೆಯಂತೆ ತಲೆವಾಲಿಸಿ ಕೇಳಿಕೊಂಡರು.

"ಸರಿ. ಮಾಡಿಕೊಟ್ಟರೆ, ಈ ಬಿಲ್ಲೆ ಯಾವುದಕ್ಕೆ ಹಚ್ಚಬೇಕು, ಯಾವುದಕ್ಕೆ ಬೇಡ ಅನ್ನೋದು ಈ ಕೋಣೇಲಿ ತೀರ್ಮಾನ ಆಗಬೇಕು. ಮರದ ಕೆಲಸ ಒಂದು ದಿನಾನೂ ನಿಲ್ಲಬಾರದು. ನನ್ನ ಕೈಲಾಗದೇ ಹೋದರೆ, ಕಾರ್ಖಾನೆ ಬಾಗಿಲ ಮೇಲಿರೋ ದೊಡ್ಡ ಬಿಲ್ಲೇನ ನಾನೇ ಕಿತ್ತು ನಿಮ್ಮ ಕೈಗೆ ಕೊಟ್ಟು ಮನೆಗೆ ಹೋಗ್ತೀನಿ."

ಇಸ್ತ್ರಿ ಸಾಹೇಬ ಒಪ್ಪಿಕೊಂಡ; ಮೊದಲ ವಿರೋಧ ಹುಟ್ಟಿದ್ದು ನಮ್ಮೊಳಗೇ. ಮರದ ಕೆಲಸದ ಮೇಸ್ತ್ರಿ ಆವತ್ತೇ ಅವರ ಮುಂದೆ ಬಂದು ನಿಂತ. ಉಳಿ ಹಿಡಿದರೆ ಮರ ತಾನಾಗಿ ದಾರಿ ಬಿಡುತ್ತದೆ ಎಂಬ ಖ್ಯಾತಿಯವನು, ಮುಂಗೋಪಿ. "ಅಕ್ಕಾ, ರೇಷ್ಮೆ ನೇಯ್ದ ಕೈಯಲ್ಲಿ ಗೋಣಿಚೀಲ ಹೊಲಿಯೋದಾ?"

"ಯಾಕಪ್ಪಾ, ನಿನ್ನ ಮನೆಗೆ ಕಾಳು ಬರೋದು ರೇಷ್ಮೆ ಸೀರೇಲಾ, ಗೋಣಿಚೀಲದಲ್ಲಾ?"

ಮೇಸ್ತ್ರಿ ಉಳಿ ಎತ್ತಿಕೊಂಡು ಹೋದ. ಎರಡು ದಿನ ಮಾತಾಡಲಿಲ್ಲ. ವಕೀಲರಂತೂ ಸಂಗೀತಪ್ರಿಯರ ಸಂಘದಲ್ಲಿ ಅತ್ತಿಗೆಯ ಮೇಲೆ ಒಂದು ಭಾಷಣವನ್ನೇ ಬಿಗಿದು, ಗರ್ಭಗುಡಿಯ ಬೀಗದ ಕೈಯನ್ನು ಸಂತೆಗೆ ಕೊಟ್ಟವರು ಎಂದು ಹೀಗಳೆದರು. ಅದನ್ನು ನಾನು ಬಂದು ಹೇಳಿದಾಗ ಅತ್ತಿಗೆ, "ಸಭೆ ಯಾವ ಹಾಲಿನಲ್ಲಿ?" ಎಂದು ಕೇಳಿದರು. ಹೇಳಿದೆ. "ಅಯ್ಯೋ, ಆ ಹಾಲಿನಲ್ಲಿ ಅವರ ಮಾತು ಮೂರನೇ ಸಾಲಿಗೇ ಕೇಳಿಸಿರೋಲ್ಲ ಬಿಡು," ಎಂದು ಸಮಾಧಾನಪಟ್ಟರು.

ಹೀಗೆ ಅವರು ಕಂಪನಿಯ ದೊಡ್ಡ ಕಾರ್ಖಾನೆಗೆ ಹೊರಟರು. ಜೊತೆಗೆ ನಾನೂ. ಕಣ್ಣು ಹಾಯುವಷ್ಟು ಉದ್ದದ ತಗಡಿನ ಸೂರು, ಅದರಡಿಯಲ್ಲಿ ಹೂಂಕರಿಸುವ ಯಂತ್ರಗಳ ಸಾಲು, ಪಟ್ಟಿಯ ಮೇಲೆ ಮೆರವಣಿಗೆ ಹೊರಟ ಇಸ್ತ್ರಿಪೆಟ್ಟಿಗೆಗಳು. ಅತ್ತಿಗೆ ಪದ್ಧತಿಯಂತೆ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಅದು ಅವರಿಗೇ ಕೇಳಿಸಲಿಲ್ಲ. ಇಲ್ಲಿ ಇವರ ಕಿವಿ ಏನು ಮಾಡೀತು ಎಂದು ನಾನು ಮನಸ್ಸಿನಲ್ಲೇ ಮರುಗುತ್ತಿದ್ದರೆ, ಅವರು ಮಿಠಾಯಿ ಅಂಗಡಿ ಹೊಕ್ಕ ಮಗುವಿನ ಹಾಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ಯುವ ಯಂತ್ರದ ಮುಂದೆ ನಿಂತವರು ಅಲ್ಲಿಯೇ ನಿಂತುಬಿಟ್ಟರು. ಯಂತ್ರ ಬಾಯಿ ತೆರೆದು ಮುಚ್ಚಿದಾಗಲೆಲ್ಲ ಅದೇ ಬಾಗು, ಅದೇ ದಪ್ಪ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದ ಅದೇ ಆಕೃತಿ.

"ನೋಡಪ್ಪಾ ಲೇಖಕ," ಎಂದರು, ಜೀವಮಾನದಲ್ಲಿ ಮೊದಲ ಸಲ ನೋಡು ಎಂಬ ಮಾತಾಡಿ. "ನಮ್ಮ ಮೇಸ್ತ್ರಿ ಒಂದು ಬಾಗು ತರೋದಕ್ಕೆ ತಿಂಗಳು ತಗೋತಾನೆ, ಮುಂದಿನ ತಿಂಗಳು ಅದೇ ಬಾಗು ತರೋದಕ್ಕೆ ಅವನ ಕೈಲೂ ಆಗೋಲ್ಲ. ಇದು ಒಂದು ಸಲ ಸರಿಯಾಗಿ ಕಲಿತರೆ ಮರೆಯೋದೇ ಇಲ್ಲ. ಪಾಪ, ಇದಕ್ಕೆ ಇಷ್ಟು ದಿನ ತಪ್ಪು ಪಾಠ ಹೇಳಿಕೊಟ್ಟಿದ್ದಾರೆ."

ಪಾಠ ಸರಿಪಡಿಸುವುದು ಸುಲಭವಾಗಲಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ಕು ಒಳಗಿನ ಸದ್ದಿಗೆ ತಾನೂ ನಡುಗುತ್ತದೆ; ನಡುಗಿದರೆ ಬೈಗುಳ ಗೊಣಗಾಟವಾಗುತ್ತದೆ. ದಪ್ಪ ಮಾಡಿದರೆ ಬೆಲೆ ಏರುತ್ತದೆ. ಒಳಗೆ ಪಕ್ಕೆಲುಬಿನಂತೆ ಪಟ್ಟಿ ಕೊಟ್ಟು ನೋಡಿದರು. ಬೆನ್ನನ್ನು ಮೊಟ್ಟೆಯಂತೆ ದುಂಡಗೆ ಮಾಡಿ ನೋಡಿದರು. ಹತ್ತಿ ತುಂಬಿದರು, ಉಣ್ಣೆ ತುಂಬಿದರು. ಗೊಣಗಾಟ ತಗ್ಗಿತು, ಹೋಗಲಿಲ್ಲ. ಮಾದರಿಗಳು ಗೋಡೆಯುದ್ದಕ್ಕೂ ತಲೆಕೆಳಗಾದ ಮಡಕೆಗಳಂತೆ ಬಿದ್ದಿದ್ದವು. ಅತ್ತಿಗೆಯ ಮುಖದಲ್ಲಿ ನಾನೆಂದೂ ಕಾಣದ ಗೆರೆಯೊಂದು ಮೂಡಿತು. ಒಂದು ಮಧ್ಯಾಹ್ನ ಅವರು ನನ್ನನ್ನು ಕರೆದು, "ಬಾಗಿಲ ಮೇಲಿನ ಬಿಲ್ಲೆ ಮೊಳೆ ಹೊಡೆದಿರೋದೋ, ಅಂಟಿಸಿರೋದೋ?" ಎಂದು ಕೇಳಿದರು.

ಉತ್ತರ ಸಿಕ್ಕಿದ್ದು ಆ ಕಾರ್ಖಾನೆಯ ಊಟದ ಮನೆಯಲ್ಲಿ. ಕೆಲಸಗಾರ್ತಿಯೊಬ್ಬಳು ರಿಪೇರಿಗೆಂದು ಮನೆಯಿಂದ ತಂದ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಊಟಕ್ಕೆ ಕುಳಿತಿದ್ದಳು. ಅತ್ತಿಗೆ ಏನೋ ಯೋಚಿಸುತ್ತ, ಸಿಕ್ಕ ಸಿಕ್ಕ ವಸ್ತುವನ್ನು ಬೆರಳ ಗೆಣ್ಣಿನಿಂದ ತಟ್ಟುವ ಅಭ್ಯಾಸಬಲದಿಂದ, ಅದರ ಹಿಡಿಯನ್ನು ತಟ್ಟಿದರು. ಕೈ ಅಲ್ಲೇ ನಿಂತಿತು. ಮತ್ತೆ ತಟ್ಟಿದರು. ಸದ್ದೇ ಇಲ್ಲ, ಮರಳಿನ ಚೀಲಕ್ಕೆ ಬಡಿದಂತೆ ಅಲ್ಲಿಗಲ್ಲಿಗೆ ಅಡಗಿಹೋಯಿತು.

"ಈ ಹಿಡಿ ಯಾವುದರಿಂದ ಮಾಡ್ತೀರಮ್ಮ?"

"ಅದೊಂದು ಪುಡಿ ಅಕ್ಕ, ಕಲ್ಲಿನ ಪುಡಿ ಬೆರೆಸಿರ್ತಾರೆ. ಬಿಸಿ ತಡೀಬೇಕಲ್ಲ."

"ಅಗ್ಗಾನಾ?"

"ಅಯ್ಯೋ, ಅದಕ್ಕಿಂತ ಅಗ್ಗ ಇಲ್ಲಿ ನಾವೇ," ಎಂದು ಆಕೆ ನಕ್ಕಳು.

ಅತ್ತಿಗೆ ತುತ್ತು ಬಿಟ್ಟು ಎದ್ದರು. ಬಿಸಿ ತಡೆಯುವುದಕ್ಕೆಂದು ಮಾಡಿದ ಆ ವಸ್ತು ನಡುಕವನ್ನೂ ತಡೆಯುತ್ತಿತ್ತು, ಆದರೆ ಅದನ್ನು ಯಾರೂ ಕೇಳಿರಲಿಲ್ಲ, ಏಕೆಂದರೆ ಇಸ್ತ್ರಿಪೆಟ್ಟಿಗೆ ಹಾಡಬೇಕೆಂದು ಯಾರೂ ಬಯಸಿರಲಿಲ್ಲ. ಮರದ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಜನ್ಮವೆಲ್ಲ ಕುಳಿತಿದ್ದರೂ ಅತ್ತಿಗೆಗೆ ಅದು ಸಿಗುತ್ತಿರಲಿಲ್ಲ. ಅತ್ತಿಗೆಯಿಲ್ಲದೆ ಆ ದೈತ್ಯ ಕಂಪನಿಗೂ ತನ್ನ ಕೈಯಲ್ಲಿರುವುದೇನೆಂದು ತಿಳಿಯುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಹಿಡಿಯ ಪುಡಿಯಿಂದಲೇ ಅಚ್ಚುಹೊಯ್ದ, ಎರಡು ಕೈಯಲ್ಲಿ ಹಿಡಿಯಬಹುದಾದ, ಮೊಟ್ಟೆಯ ಬೆನ್ನಿನ ಕಪ್ಪು ಪೆಟ್ಟಿಗೆಯೊಂದು ಸಿದ್ಧವಾಯಿತು. ಅದರ ಬಾಯಿಯ ಅಂಚನ್ನು ಎಷ್ಟು ಮಟ್ಟಸ ಮಾಡಬೇಕೆಂದು ಮರದಲ್ಲಿ ಕೊರೆದು ತೋರಿಸಿಕೊಟ್ಟವನು ಯಾರು ಬಲ್ಲಿರಾ? ಎರಡು ದಿನ ಮಾತು ಬಿಟ್ಟಿದ್ದ ಮೇಸ್ತ್ರಿ. ಯಾರೂ ಕರೆದಿರಲಿಲ್ಲ. ಬಸ್ಸು ಹತ್ತಿ ತಾನೇ ಬಂದ. "ಗೋಣಿಚೀಲವಾದ್ರೂ ಹೊಲಿಗೆ ನೆಟ್ಟಗಿರಬೇಕಲ್ಲ," ಎಂದ, ಅತ್ತಿಗೆಯ ಮುಖ ನೋಡದೆ.

ಅಷ್ಟರಲ್ಲಿ ಮೇಲಿನ ಕಚೇರಿಗೆ ತಾಳ್ಮೆ ಮುಗಿದಿತ್ತು. ವ್ಯಾಪಾರದ ಹಂಗಾಮು ಹತ್ತಿರ ಬಂದಿತೆಂದು, ನಮ್ಮ ಬಿಲ್ಲೆಯನ್ನು ರಾಶಿರಾಶಿ ಅಚ್ಚು ಹಾಕಿಸಿ, ಅದೇ ಹಳೆಯ ಗುಂಡು ಡಬ್ಬಿಗೆ ಅಂಟಿಸಿ ಲಾರಿ ಹತ್ತಿಸುವ ಅಪ್ಪಣೆಯಾಯಿತು. ಸುದ್ದಿ ತಂದವನು ಇಸ್ತ್ರಿ ಸಾಹೇಬನೇ. ಅಂಗಿ ಮೊದಲ ಸಲ ಮುದುರಿತ್ತು. "ನಾನು ಹೇಳಿ ನೋಡಿದೆ ಮೇಡಂ. ನನ್ನ ಮಾತು ನಡೀಲಿಲ್ಲ. ನಾಳೆ ಬೆಳಿಗ್ಗೆ ಸಭೆ ಇದೆ. ನಿಮ್ಮನ್ನು ಒಳಗೆ ಬಿಡಿಸೋದು ನನ್ನ ಜವಾಬ್ದಾರಿ. ಆಮೇಲೆ ನನ್ನ ಕೆಲಸ ಉಳಿಯುತ್ತೋ ಬಿಡುತ್ತೋ."

ಮರುದಿನ ನಾವು ಮೂವರು ಹೋದೆವು. ಅತ್ತಿಗೆಯ ಕಂಕುಳಲ್ಲಿ ಕಪ್ಪು ಪೆಟ್ಟಿಗೆ, ಇಸ್ತ್ರಿ ಸಾಹೇಬನ ಕೈಯಲ್ಲಿ ಗುಂಡು ಡಬ್ಬಿ, ನನ್ನ ಕೈಯಲ್ಲಿ ತಂತಿಗಳ ಗಂಟು. ನಾಲ್ಕೂ ಕಡೆ ಗಾಜಿನ ಗೋಡೆಯ ಸಭೆಯ ಕೋಣೆ. ಉದ್ದನೆಯ ಮೇಜಿನ ಸುತ್ತ ಅಧಿಕಾರಿಗಳು. ಮೇಜಿನ ತುದಿಯಲ್ಲಿ ಕಂಪನಿ ಕಟ್ಟಿದ ದೊಡ್ಡವರು. ಸೈಕಲ್ಲಿನ ಮೇಲೆ ಫ್ಯಾನು ಕಟ್ಟಿಕೊಂಡು ಮನೆಮನೆಗೆ ಮಾರಿ ಮೇಲೆ ಬಂದವರು ಎಂದು ಎಲ್ಲರೂ ಹೇಳುತ್ತಿದ್ದ ಆ ಮನುಷ್ಯ ಈಗ ಒಣಗಿದ ಬಳ್ಳಿಯಂತೆ ಕುರ್ಚಿಗೆ ಆತುಕೊಂಡಿದ್ದರು. ಅತ್ತಿಗೆ ಒಳಗೆ ಹೋದವರೇ ಚಪ್ಪಾಳೆ ತಟ್ಟಿದರು. ಗಾಜಿನಿಂದ ಗಾಜಿಗೆ ಚಿಮ್ಮಿ ಆ ಸದ್ದು ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟಿಸಿತು. ಮಾತಾಡುತ್ತಿದ್ದವರೆಲ್ಲ ಥಟ್ಟನೆ ಬಾಗಿಲ ಕಡೆ ತಿರುಗಿದರು.

"ಏನಮ್ಮ ಇದು?" ಎಂದರು ದೊಡ್ಡವರು.

"ಈ ಕೋಣೇಲಿ ಯಾರ ಮಾತೂ ಯಾರಿಗೂ ಸರಿಯಾಗಿ ಕೇಳಿಸೋಲ್ಲ ಸ್ವಾಮಿ. ಅದಕ್ಕೇ ಎಲ್ಲರೂ ಕೂಗಾಡ್ತಿದ್ದಾರೆ. ಇಲ್ಲಿ ಕೂತು ತೀರ್ಮಾನ ಮಾಡಿದರೆ ತಪ್ಪೇ ಆಗೋದು."

ಅಧಿಕಾರಿಗಳ ಮುಖ ಕೆಂಪಾಯಿತು. ಇಸ್ತ್ರಿ ಸಾಹೇಬ ನೆಲ ನೋಡಿದ. ದೊಡ್ಡವರು ಮಾತ್ರ ಮುಂದಕ್ಕೆ ಬಾಗಿ, ಬೆರಗಾದವರಂತೆ, "ನನಗೂ ಇಲ್ಲಿ ಯಾರ ಮಾತೂ ತಿಳಿಯೋದಿಲ್ಲಮ್ಮ. ವಯಸ್ಸಾಯ್ತು, ಕಿವಿ ಹೋಯ್ತು ಅಂದುಕೊಂಡು ಸುಮ್ಮನೆ ತಲೆ ಆಡಿಸ್ತಿದ್ದೆ," ಎಂದರು.

"ನಿಮ್ಮ ಕಿವಿ ಸರಿಯಾಗಿದೆ. ಕೋಣೆ ಕೆಟ್ಟಿದೆ."

ಆ ಮಾತು ಕೇಳಿ ಆ ಮುದುಕರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಮರೆಯಲಾರೆ. ಕಳೆದುಹೋಯಿತೆಂದು ಅತ್ತು ಬಿಟ್ಟಿದ್ದ ವಸ್ತು ಮನೆಯಲ್ಲೇ ಸಿಕ್ಕವರ ಮುಖ. ಅವರು ಎದ್ದರು, ಪಕ್ಕದಲ್ಲಿ ಪರದೆ, ಜಮಖಾನೆ, ಹಳೆಯ ಸೋಫಾಗಳಿದ್ದ ಅತಿಥಿಗಳ ಕೋಣೆಗೆ ಸಭೆಯೇ ಸ್ಥಳಾಂತರವಾಯಿತು. ಅತ್ತಿಗೆ ಮೊದಲು ಗುಂಡು ಡಬ್ಬಿಯಲ್ಲಿ ಸೋದರತ್ತೆಯನ್ನು ಹಾಕಿದರು. ಎಮ್ಮೆ ಕೆಸರಿನಲ್ಲಿ ಹೊರಳಿತು. ಅಧಿಕಾರಿಗಳು ಕೈಗಡಿಯಾರ ನೋಡಿಕೊಂಡರು. ಆಮೇಲೆ ಕಪ್ಪು ಪೆಟ್ಟಿಗೆ.

"ನಲ್ಲಿ ಬಿಟ್ಟು ಯಾವ ಸಾಮ್ರಾಜ್ಯ ಆಳೋದಕ್ಕೆ ಹೋಗಿದ್ಯೇ?"

ಸೋದರತ್ತೆ ಆ ಕೋಣೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅಲ್ಲಿದ್ದ ಬೆನ್ನುಗಳೆಲ್ಲ ನೆಟ್ಟಗಾದವು. ಒಬ್ಬ ಅಧಿಕಾರಿ ಕಾಲಮೇಲಿನ ಕಾಲನ್ನು ತಟ್ಟನೆ ಇಳಿಸಿದ. ಸಾಮ್ರಾಜ್ಯವನ್ನು ನಿಜವಾಗಿಯೂ ಆಳುತ್ತಿದ್ದ, ಎಷ್ಟೋ ವರ್ಷಗಳಿಂದ ಒಬ್ಬರಿಂದಲೂ ಒಂದು ಬೈಗುಳವನ್ನೂ ಕಾಣದ ಆ ದೊಡ್ಡವರು ಮೊದಲು ಕುರ್ಚಿಯಲ್ಲಿ ನಿಗುರಿ ಕುಳಿತರು, ಆಮೇಲೆ ನಗತೊಡಗಿದರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ಇನ್ನೊಂದು ಸಲ ಹಾಕಮ್ಮ," ಎಂದರು. ಹಾಕಿದರು. "ಇದರ ಬೆಲೆ?" ಎಂದು ಕೇಳಿದರು. ಇಸ್ತ್ರಿ ಸಾಹೇಬ ತಲೆಯೆತ್ತಿ, ದನಿ ತೆಗೆದು ಹೇಳಿದ: "ಎರಡಕ್ಕೂ ಒಂದೇ ಸಾರ್. ಇದು ನಮ್ಮ ಇಸ್ತ್ರಿಪೆಟ್ಟಿಗೆಯ ಹಿಡಿಯಿಂದ ಮಾಡಿದ್ದು."

ಲಾರಿಗಳು ನಿಂತವು. ಅಚ್ಚಾಗಿದ್ದ ಬಿಲ್ಲೆಗಳು ನಮ್ಮ ಕೇಳುವ ಕೋಣೆಗೆ ಬಂದು ಅತ್ತಿಗೆಯ ವಶವಾದವು. ಆ ಹಂಗಾಮಿನಲ್ಲಿ ಹೊರಟ ಕಪ್ಪು ಪೆಟ್ಟಿಗೆ ಅಡುಗೆಮನೆಗಳ ಕಿಟಕಿಯಲ್ಲಿ, ಕ್ಷೌರದಂಗಡಿಯ ಕನ್ನಡಿಯ ಮೇಲೆ, ಶಾಲೆಗಳ ಮೇಜಿನ ತುದಿಯಲ್ಲಿ, ದರ್ಜಿಗಳ ಹೊಲಿಗೆಯಂತ್ರದ ಪಕ್ಕದಲ್ಲಿ ಠಿಕಾಣಿ ಹೂಡಿತು. ಮರದ ಕೆಲಸ ನಿಲ್ಲುವುದಿರಲಿ, ಮೇಸ್ತ್ರಿಗೆ ಉಸಿರಾಡಲು ಪುರಸೊತ್ತಿಲ್ಲದಾಯಿತು; ಅಡುಗೆಮನೆಯಲ್ಲಿ ಸತ್ಯದ ರುಚಿ ಹತ್ತಿದ ಜನ ನಡುಮನೆಗೂ ಅದನ್ನೇ ಬಯಸತೊಡಗಿದರು. ಗರ್ಭಗುಡಿಯ ವಕೀಲರ ಮನೆಗೆ ಒಂದು ದಿನ ಹೋಗಿದ್ದೆ. ನಡುಮನೆಯಲ್ಲಿ ಹಳೆಯ ಮರದ ಪೆಟ್ಟಿಗೆಗಳು ಗಂಭೀರವಾಗಿ ನಿಂತಿದ್ದವು, ಬಚ್ಚಲಮನೆಯಿಂದ ಕಪ್ಪು ಪೆಟ್ಟಿಗೆ ಹಾಡುತ್ತಿತ್ತು. ನಾವಿಬ್ಬರೂ ಅದು ಕೇಳಿಸಲಿಲ್ಲವೆಂಬಂತೆ ನಟಿಸಿದೆವು.

ದೊಡ್ಡವರು ಅತ್ತಿಗೆಗೆ ಏನು ಬೇಕೆಂದು ಕೇಳಿದಾಗ ಅವರು ಕೇಳಿದ್ದು, ಮೊದಲು ಹಾಳಾಗಿದ್ದ ಆ ಇನ್ನೊಂದು ಕಾರ್ಖಾನೆಯ ಬೀಗದ ಕೈ. ದಿಕ್ಕಾಪಾಲಾಗಿದ್ದವರನ್ನು ಹುಡುಕಿಸಿದರು. ಒಬ್ಬಾಕೆ ಆಟೋ ಓಡಿಸುತ್ತಿದ್ದಳು, ಒಬ್ಬ ಬಾಗಿಲು ಕಿಟಕಿ ಮಾಡುತ್ತಿದ್ದ, ಬಂದರು. ಉಗ್ರಾಣದ ಮೂಟೆಗಳನ್ನು ಹೊರಗೆ ಸಾಗಿಸಿ, ನೆಲ ತೊಳೆದು, ಹಳೆಯ ಹೆಸರನ್ನು ಮತ್ತೆ ಬಾಗಿಲಿಗೆ ಏರಿಸಿದ ದಿನ ಇಸ್ತ್ರಿ ಸಾಹೇಬ ತನ್ನ ತಾಯಿಯನ್ನು ಕರೆತಂದಿದ್ದ. ಆ ತಾಯಿ ಅತ್ತಿಗೆಯ ಕೈಹಿಡಿದು, "ನಿಮ್ಮ ಪೆಟ್ಟಿಗೇಲಿ ದಿನಾ ಸುದ್ದಿ ಕೇಳ್ತೀನಮ್ಮ. ಓದೋ ಹುಡುಗಿಗೆ ನೆಗಡಿ ಆಗಿದ್ರೂ ಗೊತ್ತಾಗುತ್ತೆ," ಎಂದರು. ಇದುವರೆಗೆ ಬಂದ ಹೊಗಳಿಕೆಗಳಲ್ಲಿ ಅತ್ತಿಗೆ ಮತ್ತೆ ಮತ್ತೆ ಹೇಳಿಕೊಂಡು ಹಿಗ್ಗುವುದು ಇದನ್ನೇ.

ಮೊನ್ನೆ ಸಂಜೆ ಅವರ ಜೊತೆ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಒಂದು ಮನೆಯ ಕಿಟಕಿಯಿಂದ ಹಾಡು ಬರುತ್ತಿತ್ತು. ಅತ್ತಿಗೆ ಬೆರಳೆತ್ತಿ ನಿಂತರು, ಮುಖ ಸಿಂಡರಿಸಿದರು, ನಾನು ತಡೆಯುವಷ್ಟರಲ್ಲಿ ಗುರುತಿಲ್ಲದ ಆ ಮನೆಯ ಬಾಗಿಲು ಬಡಿದೇಬಿಟ್ಟರು. ಕೈಯಲ್ಲಿ ಸೌಟು ಹಿಡಿದ ಗೃಹಿಣಿ ಹೊರಗೆ ಬಂದಳು.

"ಆ ಪೆಟ್ಟಿಗೇನ ಮೂಲೇಲಿ ಇಟ್ಟಿದ್ದೀರಲ್ಲಮ್ಮ. ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೀರಿ."

"ನೀವ್ಯಾರು?"

"ಯಾರಾದರೇನು, ಎಳೀರಿ ಮೊದಲು."

ಆಕೆ ಗೊಣಗಿಕೊಂಡೇ ಒಳಗೆ ಹೋದಳು. ಹಾಡಿನ ಮೈಮೇಲಿದ್ದ ಕಂಬಳಿ ಜಾರಿದಂತಾಯಿತು. ಹಾಡುವವಳ ಉಸಿರು ಬೀದಿಗೆ ಕೇಳಿಸಿತು. ಒಳಗಿನಿಂದ "ಅರೆ!" ಎಂಬ ಉದ್ಗಾರ ಬಂತು. ಅತ್ತಿಗೆ ಅಷ್ಟು ಹೊತ್ತಿಗೆ ಮುಂದಿನ ಮನೆ ದಾಟಿದ್ದರು.

ಒಳ್ಳೆಯದನ್ನು ಪ್ರೀತಿಸುವವರಿಗೆ ಲೋಕದಲ್ಲಿ ಬರವಿಲ್ಲ. 'ಇದು ನನಗೊಬ್ಬನಿಗೇ ಉಂಟು' ಎಂಬ ಒಗ್ಗರಣೆ ಬೀಳದಿದ್ದರೆ ಅದು ರುಚಿಸುವುದಿಲ್ಲವೆಂಬವರೇ ಅವರಲ್ಲಿ ಹೆಚ್ಚು. ಅಂಥವರು ಬೀಗ ಹಾಕಿ ಕಾಯುತ್ತಾರೆ, ಬೀಗ ಕೈತಪ್ಪಿದ ದಿನ ಯುಗಾಂತ್ಯವಾಯಿತೆಂದು ಅಳುತ್ತಾರೆ. ಇನ್ನು ಕೆಲವರಿಗೆ ತಮ್ಮ ಮನೆಯ ಇಂಪು ಸಾಲದು. ಬೀದಿಯ ಕೊನೆಯ ಮನೆಯ ಬೇಸೂರೂ ತಮ್ಮ ಕಣ್ಣಿಗೇ ಬಿದ್ದ ಕಸದಂತೆ ಅವರನ್ನು ಕಾಡುತ್ತದೆ, ಅದನ್ನು ತೆಗೆಯುವವರೆಗೆ ಊಟ ಸೇರುವುದಿಲ್ಲ. ಅವರಿಗೆ ಸಂತೆಯ ಭಯವಿಲ್ಲ, ಏಕೆಂದರೆ ಸಂತೆಯಲ್ಲಿ ಇರುವುದೂ ಕಿವಿಗಳೇ ಎಂದು ಅವರು ಬಲ್ಲರು. ಇಂಥವರನ್ನು ಹಣವುಳ್ಳ ಯಾರು ಬೇಕಾದರೂ ಧಾರಾಳವಾಗಿ ಕೊಂಡುಕೊಳ್ಳಬಹುದು. ಆದರೆ ಕೊಂಡವರು ಕೆಲವೇ ದಿನಗಳಲ್ಲಿ, ತಮಗೇ ತಿಳಿಯದ ಹಾಗೆ, ಅವರ ಸ್ವತ್ತಾಗಿಬಿಟ್ಟಿರುತ್ತಾರೆ.